ಕ್ರಿಸ್‌ಮಸ್‌ನಿಂದ ಸಂಕ್ರಾಂತಿವರೆಗೆ ಮನೆಯ ನಾಯಿ, ಬೆಕ್ಕುಗಳ ಜೋಪಾನ: ಒಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಪೆಟ್ ಅಂಗಡಿಗಳಲ್ಲಿ ನಾಯಿಗಳ ಸ್ವೆಟರ್‌ಗಳು ನೇತಾಡುತ್ತವೆ. ಕೆಂಪು ಬಣ್ಣ, ಬಿಳಿ ಅಂಚು, ಜೊತೆಗೊಂದು ಟೋಪಿ. ಕೊಳ್ಳುವುದು ತಪ್ಪೇನಲ್ಲ. ಆದರೆ ಬೆಂಗಳೂರಿನ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿಗೆ ಇಳಿಯುತ್ತದೆ, ಅಷ್ಟೇ. ಮನೆಯೊಳಗೆ ಮಲಗುವ, ಗಟ್ಟಿಮುಟ್ಟಾದ ನಾಯಿಗೆ ಈ ಚಳಿ ಲೆಕ್ಕಕ್ಕೇ ಇಲ್ಲ.

ನಮ್ಮ ಕಡೆ ಪ್ರಾಣಿಗಳಿಗೆ ತೊಂದರೆ ಕೊಡುವುದು ರಜೆ. ನೆಂಟರು ಬರುತ್ತಾರೆ, ಗೇಟು ತೆರೆದೇ ಇರುತ್ತದೆ. ಟೀಪಾಯಿ ಮೇಲೆ ಪ್ಲಮ್ ಕೇಕ್ ಇರುತ್ತದೆ. 31ರ ರಾತ್ರಿ ಪಟಾಕಿ, ಮರುದಿನ ಮಡಿಕೇರಿಗೋ ಗೋಕರ್ಣಕ್ಕೋ ಪ್ರಯಾಣ. ಊಟದ ಹೊತ್ತು, ವಾಕಿಂಗ್ ಹೊತ್ತು, ಮಲಗುವ ಜಾಗ ಎಲ್ಲ ಅದಲುಬದಲು. ನಮಗೆ ಖುಷಿ ಕೊಡುವ ಈ ಗಲಾಟೆ ನಾಯಿ, ಬೆಕ್ಕಿಗೆ ಅರ್ಥವೇ ಆಗುವುದಿಲ್ಲ. ಅದಕ್ಕೇ ಇಲ್ಲಿನ ಹಂತಗಳನ್ನು ಕ್ಯಾಲೆಂಡರ್ ಪ್ರಕಾರ ಜೋಡಿಸಿದ್ದೇನೆ.

ಹಂತ 1: ಡಿಸೆಂಬರ್ ಮೊದಲ ವಾರದಲ್ಲೇ ಡಾಕ್ಟರ ಬಳಿ ಹೋಗಿ ಬನ್ನಿ

ಊರಿಗೆ ಹೋಗುವಾಗ ನಾಯಿಯನ್ನು ಬಿಟ್ಟುಹೋಗುವ ಬೋರ್ಡಿಂಗ್‌ನವರು ಕೇಳಿದರು ಅಂತ 23, 24ನೇ ತಾರೀಕು ಲಸಿಕೆ ಪುಸ್ತಕ ಹಿಡಿದು ಓಡುವವರೇ ಜಾಸ್ತಿ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಸೂಜಿ ಚುಚ್ಚಿದ ದಿನವೇ ರಕ್ಷಣೆ ಸಿಗುವುದಿಲ್ಲ. ಅದಕ್ಕೆ ಸುಮಾರು ಎರಡು ವಾರ ಬೇಕು. ಮೊದಲ ವಾರ ಅಂತ ಹೇಳುತ್ತಿರುವುದು ಈ ಕಾರಣಕ್ಕೆ.

ನಾಯಿಗೆ ರೇಬೀಸ್ ಲಸಿಕೆ ಮತ್ತು ಡಿಸ್ಟೆಂಪರ್, ಪಾರ್ವೊ, ಲೆಪ್ಟೊ ರೋಗಗಳಿಗೆಲ್ಲ ಸೇರಿದ ವರ್ಷದ ಲಸಿಕೆ ಆಗಿದೆಯಾ ನೋಡಿ. ಬೋರ್ಡಿಂಗ್‌ಗೆ ಬಿಡುವ ಯೋಚನೆ ಇದ್ದರೆ ಕೆನಲ್ ಕಾಫ್ ಲಸಿಕೆಯನ್ನೂ ಕೇಳಿ. ಹತ್ತಾರು ನಾಯಿಗಳು ಒಂದೇ ಸೂರಿನಡಿ ಇರುವ ಕಡೆ ಈ ಕೆಮ್ಮು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಹಬ್ಬುತ್ತದೆ. ಬೆಕ್ಕಿಗೆ ರೇಬೀಸ್ ಜೊತೆಗೆ, ಮೂರು ರೋಗಗಳಿಗೆ ಒಟ್ಟಿಗೇ ಕೊಡುವ ಟ್ರೈಕ್ಯಾಟ್ ಲಸಿಕೆ. ಮರಿಗಳ ಲಸಿಕೆ ಪೂರ್ತಿ ಆಗಿಲ್ಲದಿದ್ದರೆ ಈ ಸಲ ಅವನ್ನು ಎಲ್ಲಿಗೂ ಕಳಿಸಬೇಡಿ. ಪಾರ್ವೊ ತಗುಲಿದ ಮರಿ ಕೆಲವೇ ದಿನಗಳಲ್ಲಿ ಕೈಬಿಟ್ಟುಹೋಗಬಹುದು.

ಇದೇ ಭೇಟಿಯಲ್ಲಿ ಇನ್ನೂ ಮೂರು ವಿಷಯ ಕೇಳಿಕೊಂಡು ಬನ್ನಿ.

ಒಂದು, ಪಟಾಕಿ ಭಯ. ನಿಮ್ಮ ನಾಯಿ ದೀಪಾವಳಿಯಲ್ಲಿ ನಡುಗಿ, ಜೊಲ್ಲು ಸುರಿಸಿ, ಮಂಚದ ಕೆಳಗೆ ಸೇರಿಕೊಂಡಿತ್ತಾ? ಹಾಗಿದ್ದರೆ 31ಕ್ಕೂ ಅದೇ ಕಥೆ. ಭಯ ಕಡಿಮೆ ಮಾಡುವ ಮಾತ್ರೆಗಳಿವೆ. ಡಾಕ್ಟರು ನಾಯಿಯನ್ನು ನೋಡಿ, ತೂಕ ನೋಡಿ ಬರೆದುಕೊಡುತ್ತಾರೆ. ಆ ಮಾತ್ರೆಯನ್ನು ಪಟಾಕಿ ಇಲ್ಲದ ಒಂದು ಸಂಜೆ ಕೊಟ್ಟು, ಹೇಗಿರುತ್ತದೆ ಅಂತ ನೋಡಿಕೊಳ್ಳಿ. ಸುಮ್ನೆ ಮಂಪರು ಬರಿಸುವ ಹಳೆಯ ಔಷಧಗಳ ಬಗ್ಗೆ ಎಚ್ಚರವಿರಲಿ. ಉದಾಹರಣೆಗೆ ಎಸಿಪ್ರೊಮಜೀನ್ ಒಂದನ್ನೇ ಕೊಟ್ಟರೆ ನಾಯಿ ಅಲುಗಾಡದೆ ಬಿದ್ದಿರುತ್ತದೆ, ಒಳಗಿನ ಹೆದರಿಕೆ ಹಾಗೇ ಇರುತ್ತದೆ. ನೋಡುವವರಿಗೆ ಸಮಾಧಾನ, ನಾಯಿಗಿಲ್ಲ.

ಎರಡು, ಉಣ್ಣಿ. ಚಳಿಗಾಲದಲ್ಲಿ ಉಣ್ಣಿ ಇರುವುದಿಲ್ಲ ಎನ್ನುವುದು ಹಿಮ ಬೀಳುವ ದೇಶಗಳ ಮಾತು. ಕರ್ನಾಟಕದಲ್ಲಿ ಅವು ವರ್ಷವಿಡೀ ಇರುತ್ತವೆ. ಮಲೆನಾಡಿಗೆ ಹೋಗುವುದಿದ್ದರೆ ಇದು ಇನ್ನೂ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಾಯಿಗೆ ತಂದ ಉಣ್ಣಿ ಔಷಧವನ್ನು ಮಾತ್ರ ಬೆಕ್ಕಿಗೆ ಹಚ್ಚಬೇಡಿ. ಹಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಮೂರು, ರಜೆಯಲ್ಲಿ ಆಸ್ಪತ್ರೆ ಯಾವಾಗ ಮುಚ್ಚಿರುತ್ತದೆ? 25ಕ್ಕೆ, 1ಕ್ಕೆ ಯಾರು ಸಿಗುತ್ತಾರೆ? ರಾತ್ರಿ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದು? ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಫ್ರಿಜ್ ಬಾಗಿಲಿನ ಮೇಲೂ ಅಂಟಿಸಿ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಗೊತ್ತಿರಲಿ. ಬೀದರ್, ಶಿವಮೊಗ್ಗ, ಹಾಸನಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಹಬ್ಬದ ದಿನ ಯಾವ ಹೊತ್ತಿಗೆ ಡಾಕ್ಟರು ಇರುತ್ತಾರೆ ಎಂದು ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಹಂತ 2: ಚಳಿ ಯಾರಿಗೆ ಹತ್ತುತ್ತದೆ ಅಂತ ಗುರುತಿಸಿ

ಚಳಿ ಲೆಕ್ಕಕ್ಕಿಲ್ಲ ಅಂದೆ. ಆದರೆ ಎಲ್ಲ ಊರಿಗೂ, ಎಲ್ಲ ಪ್ರಾಣಿಗೂ ಆ ಮಾತು ಹೊಂದುವುದಿಲ್ಲ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಮರಿಗಳು, ವಯಸ್ಸಾದ ನಾಯಿಗಳು, ಸಂಧಿವಾತ ಇರುವವು, ಕೂದಲು ಬೋಳಿಸಿಕೊಂಡ ಶಿಟ್ಜು ಇವಕ್ಕೆಲ್ಲ ಚಳಿ ಆಗುತ್ತದೆ. ನಮ್ಮ ಮುಧೋಳ ನಾಯಿಗೂ ಅಷ್ಟೇ. ಓಡುವುದರಲ್ಲಿ ಎತ್ತಿದ ಕೈ, ಆದರೆ ಮೈಮೇಲೆ ಕೊಬ್ಬಿಲ್ಲ, ಕೂದಲೂ ತೆಳು. ಸ್ವೆಟರ್ ಕೊಳ್ಳುವುದಿದ್ದರೆ ಇಂಥವಕ್ಕೆ ಕೊಳ್ಳಿ. ದಟ್ಟ ಕೂದಲಿನ ಹಸ್ಕಿಗೆ ಹಾಕಿ ಫೋಟೊ ತೆಗೆಯುವುದು ಬೇಡ.

ಹಾಸಿಗೆ ನೆಲದಿಂದ ಸ್ವಲ್ಪ ಮೇಲಿರಲಿ. ಮೊಸಾಯಿಕ್, ಗ್ರಾನೈಟ್ ನೆಲ ರಾತ್ರಿ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಒಂದು ಮರದ ಹಲಗೆ, ಅದರ ಮೇಲೆ ಗೋಣಿಚೀಲ, ಮೇಲೊಂದು ಹಳೆಯ ಕಂಬಳಿ ಸಾಕು. ಬೀದಿನಾಯಿಗಳಿಗೆ ಹಾಸಲು ಬಟ್ಟೆಗಿಂತ ಗೋಣಿಚೀಲ ಅಥವಾ ಒಣಹುಲ್ಲು ಒಳ್ಳೆಯದು. ಬಟ್ಟೆ ಇಬ್ಬನಿಗೆ ನೆಂದರೆ ಬೇಗ ಒಣಗುವುದಿಲ್ಲ, ಚಳಿ ಇನ್ನೂ ಜಾಸ್ತಿ ಆಗುತ್ತದೆ.

ರೂಮ್ ಹೀಟರ್ ಮುಂದೆ ಬೆಕ್ಕು ಗಂಟೆಗಟ್ಟಲೆ ಕೂತರೆ ಚರ್ಮ ಸುಡಬಹುದು, ತಂತಿ ಕಚ್ಚುವ ಅಪಾಯವೂ ಇದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವುದಂತೂ ಪ್ರಾಣಿಗೂ ನಿಮಗೂ ಜೀವಕ್ಕೇ ಅಪಾಯ. ಸ್ನಾನ ಮಾಡಿಸುವುದಾದರೆ ಮಧ್ಯಾಹ್ನದ ಬಿಸಿಲಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ. ಬುಡದ ಕೂದಲವರೆಗೆ ಒಣಗಿಸಿ.

ಚಳಿಗೆ ನಾಯಿ, ಬೆಕ್ಕುಗಳು ನೀರು ಕುಡಿಯುವುದು ಕಡಿಮೆ ಮಾಡುತ್ತವೆ. ಗಂಡು ಬೆಕ್ಕಿನ ವಿಷಯದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮತ್ತೆ ಮತ್ತೆ ಮೂತ್ರದ ತಟ್ಟೆಗೆ ಹೋಗಿ ತಿಣುಕುತ್ತಿದೆ, ಆದರೆ ಹನಿಯೂ ಬರುತ್ತಿಲ್ಲ ಅಂದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಮನೆಯ ಗಲಾಟೆ, ಹೊಸ ಜಾಗದ ಒತ್ತಡ ಇದಕ್ಕೆ ಇಂಬು ಕೊಡುತ್ತದೆ. ಮಲಬದ್ಧತೆ ಅಂದುಕೊಂಡು ಬೆಳಗಿನವರೆಗೆ ಕಾಯುವುದು ಬೇಡ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ನೀರು ಹೊಟ್ಟೆಗೆ ಸೇರಲು ಒಣ ಆಹಾರಕ್ಕೆ ಬದಲು ಹಸಿ ಆಹಾರ ಕೊಡಿ, ಎರಡು ಮೂರು ಕಡೆ ನೀರಿನ ಬಟ್ಟಲು ಇಡಿ.

ಬೆಳಿಗ್ಗೆ ಕಾರು ಶುರುಮಾಡುವ ಮೊದಲು ಬಾನೆಟ್ ಮೇಲೆ ಎರಡು ಸಲ ತಟ್ಟಿ. ಬೀದಿಬೆಕ್ಕುಗಳು ಬೆಚ್ಚಗಿರಲಿ ಅಂತ ಎಂಜಿನ್ ಒಳಗೆ ಸೇರಿಕೊಂಡಿರುತ್ತವೆ.

ಅಕ್ವೇರಿಯಂ ಇರುವವರು ನೀರು 24ರಿಂದ 27 ಡಿಗ್ರಿ ಇರುವಂತೆ ಹೀಟರ್ ನೋಡಿಕೊಳ್ಳಿ. ಬಿಸಿ ಏರಿಳಿದರೆ ಮೀನಿನ ಮೈಮೇಲೆ ಬಿಳಿ ಚುಕ್ಕೆ ರೋಗ ಕಾಣಿಸಿಕೊಳ್ಳುತ್ತದೆ. ಲವ್‌ಬರ್ಡ್, ಬಜರಿಗರ್ ಹಕ್ಕಿಗಳ ಪಂಜರವನ್ನು ಅಡುಗೆಮನೆಯಿಂದ ದೂರ ಇಡಿ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಹಂತ 3: ಅಲಂಕಾರವನ್ನು ಬೆಕ್ಕಿನ ಕಣ್ಣಿನಿಂದ ನೋಡಿ

ಕ್ರಿಸ್‌ಮಸ್ ಮರ ಬೆಕ್ಕಿಗೆ ಹತ್ತಲಿಕ್ಕೆಂದೇ ತಂದಿಟ್ಟದ್ದು. ಮರವನ್ನು ಗೋಡೆಗೋ ಕಿಟಕಿ ಸರಳಿಗೋ ಕಟ್ಟಿ. ಗಾಜಿನ ಗೋಲಿಗಳನ್ನು ಮೇಲಿನ ಕೊಂಬೆಗಳಿಗೆ ಹಾಕಿ, ಕೆಳಗೆ ಬಟ್ಟೆಯವು, ಮರದವು ಇರಲಿ. ಸೀರಿಯಲ್ ಸೆಟ್ ದೀಪದ ತಂತಿಯನ್ನು ನಾಯಿಮರಿ ಕಚ್ಚದಂತೆ ಪೈಪಿನೊಳಗೆ ತೂರಿಸಿ. ಮಲಗುವ ಮುಂಚೆ ಪ್ಲಗ್ ತೆಗೆಯಿರಿ.

ನಿಜವಾದ ಶತ್ರು ಆ ಹೊಳೆಯುವ ಜರಿಯ ದಾರ. ಉಡುಗೊರೆಗೆ ಕಟ್ಟುವ ರಿಬ್ಬನ್ ಕೂಡ ಅಷ್ಟೇ. ಬೆಕ್ಕು ನುಂಗಿದರೆ ದಾರ ಕರುಳಲ್ಲಿ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಕರುಳು ಅದರ ಸುತ್ತ ನೆರಿಗೆ ನೆರಿಗೆಯಾಗಿ ಸುತ್ತಿಕೊಂಡು ಸೀಳಿಹೋಗಬಹುದು. ಬಾಯಿಂದಲೋ ಹಿಂಭಾಗದಿಂದಲೋ ದಾರದ ತುದಿ ಕಂಡರೆ ಎಳೆಯಬೇಡಿ. ಹಾಗೇ ಬಿಟ್ಟು ಡಾಕ್ಟರ ಬಳಿ ಕರೆದೊಯ್ಯಿರಿ. ಬೆಕ್ಕಿರುವ ಮನೆಯಲ್ಲಿ ಈ ದಾರವೇ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಬಾಗಿಲಲ್ಲೇ ತೆಗೆದು ಹೊರಗಿಡಿ. ಎಲೆ, ಎಸಳು, ಹೂದಾನಿಯ ನೀರು, ಮೈಮೇಲೆ ಬಿದ್ದ ಪರಾಗವನ್ನು ನೆಕ್ಕಿಕೊಂಡದ್ದು ಯಾವುದರಿಂದಲೂ ಬೆಕ್ಕಿನ ಮೂತ್ರಪಿಂಡ ಕೈಕೊಡಬಹುದು. ನರ್ಸರಿಗಳಲ್ಲಿ ಈ ಕಾಲಕ್ಕೆ ಸಾಲಾಗಿ ಇಟ್ಟಿರುವ ಕೆಂಪೆಲೆಯ ಪಾಯಿನ್‌ಸೆಟಿಯಾಕ್ಕೆ ಮಾತ್ರ ಇಲ್ಲದ ಕೆಟ್ಟ ಹೆಸರಿದೆ. ಅದರ ಹಾಲಿನಿಂದ ಬಾಯಿ ಉರಿಯಬಹುದು, ಒಂದೆರಡು ವಾಂತಿ ಆಗಬಹುದು, ಅಷ್ಟೇ.

ಹಂತ 4: ಅಡುಗೆಮನೆಯನ್ನು ಕಾಯಿರಿ

ರಜೆಯ ತುರ್ತು ಕೇಸುಗಳಲ್ಲಿ ತಿನ್ನಬಾರದ್ದು ತಿಂದವುಗಳ ಪಾಲು ದೊಡ್ಡದು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪ್ಲಮ್ ಕೇಕಿನಲ್ಲಿ ಅಪಾಯ ಒಂದಲ್ಲ. ಒಣದ್ರಾಕ್ಷಿ, ಅದನ್ನು ವಾರಗಟ್ಟಲೆ ನೆನೆಸಿಟ್ಟ ರಮ್, ಮೇಲಿನಿಂದ ಬೆಣ್ಣೆ, ಸಕ್ಕರೆ. ದ್ರಾಕ್ಷಿ ಹಸಿಯಾಗಲಿ ಒಣಗಿದ್ದಾಗಲಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಎಷ್ಟು ತಿಂದರೆ ಅಪಾಯ ಅಂತ ಹೇಳಲು ಆಗುವುದಿಲ್ಲ. ಒಂದು ನಾಯಿ ಹಿಡಿ ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕಾರು ತಿಂದು ಆಸ್ಪತ್ರೆ ಸೇರುತ್ತದೆ. ಆದ್ದರಿಂದ ಸುರಕ್ಷಿತ ಅಳತೆ ಅಂತ ಒಂದಿಲ್ಲ ಎಂದೇ ನಡೆದುಕೊಳ್ಳಿ.

ಈಚಿನ ವರ್ಷಗಳಲ್ಲಿ ಪಶುವೈದ್ಯರ ಅನುಮಾನ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಮೇಲೆ ಬಿದ್ದಿದೆ. ಈ ಆಮ್ಲ ಧಾರಾಳವಾಗಿರುವ ಇನ್ನೊಂದು ವಸ್ತು ಯಾವುದು ಗೊತ್ತಾ? ನಮ್ಮ ಹುಣಸೆಹಣ್ಣು. ಹುಣಸೆ ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ವೈಕುಂಠ ಏಕಾದಶಿಯ ಪುಳಿಯೋಗರೆ ಪ್ರಸಾದ ಉಳಿಯಿತು ಅಂತ ನಾಯಿ ತಟ್ಟೆಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಬೇಡ. ಧನುರ್ಮಾಸದ ಸಿಹಿ ಪೊಂಗಲ್‌ನಲ್ಲಿ ದ್ರಾಕ್ಷಿ ಇರುತ್ತದೆ. ಅದೂ ಬೇಡ. ಮಂಗಳೂರು ಕಡೆಯ ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್ ತಟ್ಟೆ ಎತ್ತರದಲ್ಲಿರಲಿ. ಅದರಲ್ಲೂ ದ್ರಾಕ್ಷಿ ಇಣುಕುತ್ತಿರುತ್ತದೆ.

ಚಾಕೊಲೇಟಿನ ಲೆಕ್ಕ ಸ್ವಲ್ಪ ಸ್ಪಷ್ಟ. ಅದರಲ್ಲಿರುವ ಥಿಯೋಬ್ರೋಮಿನ್ ನಾಯಿಯ ಮೈಯಿಂದ ಬಹಳ ನಿಧಾನವಾಗಿ ಇಳಿಯುತ್ತದೆ. ತೂಕದ ಪ್ರತಿ ಕಿಲೋಗೆ ಸುಮಾರು 20 ಮಿಲಿಗ್ರಾಂ ಹೊಟ್ಟೆಗೆ ಹೋದರೆ ವಾಂತಿ, ಭೇದಿ, ಚಡಪಡಿಕೆ ಶುರು. 40-50 ಮುಟ್ಟಿದರೆ ಎದೆಬಡಿತ ಏರುಪೇರು. 60 ಆದರೆ ಫಿಟ್ಸ್ ಬರಬಹುದು. ಮಿಲ್ಕ್ ಚಾಕೊಲೇಟಿನ ಪ್ರತಿ ಗ್ರಾಂನಲ್ಲಿ ಹೆಚ್ಚುಕಡಿಮೆ 2 ಮಿಲಿಗ್ರಾಂ, ಡಾರ್ಕ್‌ನಲ್ಲಿ 5 ಅಥವಾ ಇನ್ನೂ ಜಾಸ್ತಿ. ಅಂದರೆ 10 ಕಿಲೋ ನಾಯಿಗೆ 100 ಗ್ರಾಂ ಮಿಲ್ಕ್ ಚಾಕೊಲೇಟಿನಿಂದ ಆಗುವ ತೊಂದರೆ 40 ಗ್ರಾಂ ಡಾರ್ಕ್‌ನಲ್ಲೇ ಆಗುತ್ತದೆ. ಕೋಕೋ ಪುಡಿ ಇನ್ನೂ ಕಡುವಾದದ್ದು. ಕಾಫಿಯ ಕೆಫೀನ್ ಕೂಡ ಇದೇ ಗುಂಪಿಗೆ ಸೇರಿದ್ದು.

ಈರುಳ್ಳಿ, ಬೆಳ್ಳುಳ್ಳಿ ಹಸಿಯಾದರೂ ಬೆಂದರೂ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿಗೆ ನಾಯಿಗಿಂತ ಬೇಗ ತಾಗುತ್ತದೆ. ಅವರೆಕಾಯಿ ಕಾಲ, ಮನೆಯಲ್ಲೆಲ್ಲ ಹಿತಕಿದ ಬೇಳೆ ಸಾರಿನ ಘಮ, ನಾಯಿಗೂ ಆಸೆ ಆಗುತ್ತದೆ, ಸರಿ. ಆದರೆ ಆ ಸಾರಿನ ಮಸಾಲೆಯೇ ಈರುಳ್ಳಿ, ಬೆಳ್ಳುಳ್ಳಿ ಅಲ್ವಾ? ಹಂದಿ ಮಾಂಸದ ಕೊಬ್ಬು, ಕಬಾಬಿನ ಎಣ್ಣೆ ಒಮ್ಮೆಲೇ ಜಾಸ್ತಿ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ವಾಂತಿ ನಿಲ್ಲದೆ, ಬೆನ್ನು ಬಾಗಿಸಿ ನಿಲ್ಲುವ ನಾಯಿಯನ್ನು ಕಂಡರೆ ಇದನ್ನು ನೆನಪಿಸಿಕೊಳ್ಳಿ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ. ಬಿರಿಯಾನಿ ಮೂಳೆಗಳನ್ನು ಮುಚ್ಚಳ ಭದ್ರವಾಗಿರುವ ಡಬ್ಬಿಗೇ ಹಾಕಿ.

ಇನ್ನೊಂದು ಕಣ್ತಪ್ಪುವ ವಸ್ತು ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಮಿಂಟ್. ಪ್ಯಾಕೆಟ್ ಮೇಲಿನ ಪಟ್ಟಿಯಲ್ಲಿ ಕ್ಸೈಲಿಟಾಲ್ ಇದೆಯಾ ನೋಡಿ. ಇದ್ದರೆ ನಾಯಿಗೆ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿದು ಬೀಳಬಹುದು, ಆಮೇಲೆ ಲಿವರ್‌ಗೂ ಪೆಟ್ಟು. ನೆಂಟರ ಹ್ಯಾಂಡ್‌ಬ್ಯಾಗ್ ನೆಲದ ಮೇಲಿದ್ದರೆ ಎತ್ತಿ ಬೀರುವಿನಲ್ಲಿಡಿ. ಅದರಲ್ಲಿ ಗಮ್ಮೂ ಇರುತ್ತದೆ, ಮಾತ್ರೆಗಳೂ ಇರುತ್ತವೆ.

ಮಾತ್ರೆ ಅಂದ ಮೇಲೆ ಇದನ್ನೂ ಹೇಳಬೇಕು. ಶೀತ ಆಗಿದೆ, ಮೈ ಬಿಸಿ ಇದೆ ಅಂತ ಬೆಕ್ಕಿಗೆ ಡೋಲೊ, ಕ್ರೋಸಿನ್ ಕೊಡುವವರಿದ್ದಾರೆ. ಎರಡರಲ್ಲೂ ಇರುವುದು ಪ್ಯಾರಸಿಟಮಾಲ್. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ನಾಯಿ, ಬೆಕ್ಕಿನ ಮೈ ನಮ್ಮ ಮೈಗಿಂತ ಬಿಸಿಯೇ ಇರುತ್ತದೆ. ನಾಯಿಗೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ. ಕೈಗೆ ಬಿಸಿ ತಾಗಿತು ಅನ್ನುವುದು ಜ್ವರದ ಲೆಕ್ಕವಲ್ಲ.

ಹಾಗಾದರೆ ಹಬ್ಬದ ದಿನ ಪಾಪ ಅದಕ್ಕೇನು? ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿ, ಬೇಯಿಸಿದ ಮೊಟ್ಟೆ, ಕ್ಯಾರೆಟ್, ಸಿಹಿಕುಂಬಳ ಕೊಡಿ. ಬಾಯಿಗೆ ರುಚಿ, ಹೊಟ್ಟೆಗೂ ಹಿತ.

ಹಂತ 5: ತಿಂದೇಬಿಟ್ಟಿದೆ, ಈಗೇನು?

ಮೊದಲು ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ. ಏನು, ಎಷ್ಟು, ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಹೊದಿಕೆಯ ಕಾಗದ ಎಸೆಯಬೇಡಿ, ಅದರಲ್ಲಿ ಡಾಕ್ಟರಿಗೆ ಬೇಕಾದ ಮಾಹಿತಿ ಇರುತ್ತದೆ. ನಂತರ ಫೋನ್ ಮಾಡಿ. ನಾಯಿ ಚೆನ್ನಾಗಿಯೇ ಓಡಾಡುತ್ತಿದೆಯಲ್ಲ, ಸಂಜೆವರೆಗೆ ನೋಡೋಣ ಎನ್ನುವುದು ಬೇಡ. ದ್ರಾಕ್ಷಿ ತಿಂದ ನಾಯಿಯ ಮೂತ್ರಪಿಂಡ ಕೆಟ್ಟದ್ದು ಗೊತ್ತಾಗಲು ಒಂದೆರಡು ದಿನ ಹಿಡಿಯಬಹುದು. ವಿಷ ಹೊರತೆಗೆಯುವ ಒಳ್ಳೆಯ ಸಮಯ ಮೊದಲ ಒಂದೆರಡು ಗಂಟೆ ಮಾತ್ರ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ಇನ್ನೊಂದು ವಿಷವಾಗುತ್ತದೆ. ಹಾಲು, ಎಣ್ಣೆ, ಮಜ್ಜಿಗೆ ಯಾವುದೂ ಮದ್ದಲ್ಲ. ವಾಂತಿ ಮಾಡಿಸಬೇಕೋ ಬೇಡವೋ ಅಂತ ಡಾಕ್ಟರೇ ಹೇಳಲಿ. ಚೂಪಾದ ಮೂಳೆಯೋ ಬಾತ್‌ರೂಮ್ ತೊಳೆಯುವ ಆಸಿಡ್ಡೋ ಹೋಗಿದ್ದರೆ ವಾಂತಿಯಿಂದ ಗಂಟಲಿಗೆ ಎರಡನೇ ಸಲ ಪೆಟ್ಟಾಗುತ್ತದೆ.

ಹಂತ 6: ನೆಂಟರಿಗೆ ಒಂದು ನಿಯಮ, ಗೇಟಿಗೆ ಒಂದು ಚಿಲಕ

ಮನೆಗೆ ಬಂದವರಿಗೆ ಮುಲಾಜಿಲ್ಲದೆ ಹೇಳಿ: ತಟ್ಟೆಯಿಂದ ಏನೂ ಹಾಕಬೇಡಿ, ಮಲಗಿರುವಾಗ ಮುಟ್ಟಬೇಡಿ, ಗೇಟು ಹಾಕಿಕೊಳ್ಳಿ. ಪ್ರಾಣಿಗೆ ಜನರಿಂದ ದೂರ ಹೋಗಿ ಕೂರಲು ಒಂದು ಕೋಣೆ ಬಿಟ್ಟುಕೊಡಿ, ಮಕ್ಕಳು ಅಲ್ಲಿಗೆ ಹೋಗದಿರಲಿ. ಕೊರಳ ಪಟ್ಟಿಯಲ್ಲಿ ನಿಮ್ಮ ಮೊಬೈಲ್ ನಂಬರ್ ಇರಲಿ. ಮೈಕ್ರೋಚಿಪ್ ಹಾಕಿಸಿದ್ದೀರಿ ಅಂತ ಇದನ್ನು ಬಿಡಬೇಡಿ. ಚಿಪ್ ಓದಲು ಸ್ಕ್ಯಾನರ್ ಬೇಕು, ಅದು ಎಲ್ಲಿದೆ ಅಂತ ತೋರಿಸುವುದೂ ಇಲ್ಲ. ದಾರಿಯಲ್ಲಿ ಸಿಕ್ಕ ನಾಯಿಯ ಕೊರಳಲ್ಲಿ ನಂಬರ್ ಇದ್ದರೆ ಯಾರಾದರೂ ಫೋನ್ ಮಾಡುತ್ತಾರೆ.

ಹಂತ 7: ಡಿಸೆಂಬರ್ 31ರ ರಾತ್ರಿ

ದೀಪಾವಳಿ ಪಟಾಕಿ ಸಂಜೆಯಿಂದಲೇ ಅಲ್ಲೊಂದು ಇಲ್ಲೊಂದು ಶುರುವಾಗುತ್ತದೆ. 31ರದ್ದು ಹಾಗಲ್ಲ. ಹನ್ನೆರಡು ಹೊಡೆಯುವವರೆಗೆ ಮೌನ, ಆಮೇಲೆ ಎಲ್ಲ ದಿಕ್ಕಿನಿಂದ ಒಟ್ಟಿಗೇ ಸದ್ದು. ಗಾಢ ನಿದ್ದೆಯಲ್ಲಿರುವ ನಾಯಿ ದಿಗಿಲುಬಿದ್ದು ಏಳುತ್ತದೆ. ಹಾಗಾಗಿ ಈ ರಾತ್ರಿಗೆ ತಯಾರಿ ಬೇರೆಯೇ ಬೇಕು.

ಮಧ್ಯಾಹ್ನವೇ ಚೆನ್ನಾಗಿ ನಡೆಸಿ, ಆಡಿಸಿ, ದಣಿಸಿ. ಕತ್ತಲಾಗುವ ಮೊದಲು ಕೊನೆಯ ವಾಕಿಂಗ್ ಮುಗಿಸಿ. ರಾತ್ರಿ ಮೂತ್ರಕ್ಕೆ ಕರೆದೊಯ್ಯಬೇಕಾದರೆ ಕಾಂಪೌಂಡಿನ ಒಳಗೂ ಲೀಶ್ ಇರಲಿ. ಭಯಪಟ್ಟ ನಾಯಿ ಕೊರಳ ಪಟ್ಟಿಯಿಂದ ತಲೆ ಕಳಚಿಕೊಳ್ಳುತ್ತದೆ, ಎದೆಗೆ ಹಾಕುವ ಹಾರ್ನೆಸ್ ಅಷ್ಟು ಸುಲಭವಾಗಿ ಕಳಚುವುದಿಲ್ಲ. ಊಟ ಬೇಗ ಹಾಕಿ. ಗಾಬರಿಯಾದ ಮೇಲೆ ಅದು ಮುಟ್ಟುವುದಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ಇದ್ದರೆ ಸದ್ದು ಶುರುವಾಗುವ ಮುಂಚೆಯೇ, ಅವರು ಹೇಳಿದ ಹೊತ್ತಿಗೆ ಕೊಡಿ. ನಡುಗಲು ಶುರುಮಾಡಿದ ಮೇಲೆ ಕೊಟ್ಟರೆ ಅಷ್ಟು ಉಪಯೋಗವಿಲ್ಲ.

ಮನೆಯ ನಡುವಿನ, ಕಿಟಕಿ ಕಡಿಮೆ ಇರುವ ಕೋಣೆ ಆರಿಸಿ. ಪರದೆ ಎಳೆಯಿರಿ, ಫ್ಯಾನ್ ಹಾಕಿ, ಟಿವಿಯೋ ರೇಡಿಯೋ ಸಾಧಾರಣ ಸದ್ದಿನಲ್ಲಿ ಹಚ್ಚಿ. ಅದರ ಹಾಸಿಗೆ, ನಿಮ್ಮ ಹಳೆಯ ಅಂಗಿ ಅಲ್ಲಿರಲಿ. ಬಾತ್‌ರೂಮಿನಲ್ಲಿ, ಮಂಚದ ಕೆಳಗೆ ಸೇರಿಕೊಂಡರೆ ಎಳೆದು ಹೊರತರಬೇಡಿ. ಅಭ್ಯಾಸವಿಲ್ಲದ ನಾಯಿಯನ್ನು ಬೋನಿನಲ್ಲಿ ಬೀಗ ಹಾಕಿಡುವುದೂ ಬೇಡ. ಹಲ್ಲು, ಉಗುರು ಮುರಿದುಕೊಳ್ಳುತ್ತದೆ.

ಸಮಾಧಾನ ಮಾಡಿದರೆ ಭಯ ಜಾಸ್ತಿ ಆಗುತ್ತದೆ, ಗಮನ ಕೊಡಬೇಡಿ ಎಂಬ ಉಪದೇಶ ಬಹಳ ಕಡೆ ಕೇಳಿಸುತ್ತದೆ. ನಂಬಬೇಡಿ. ಭಯ ಒಂದು ಭಾವನೆ, ಬಿಸ್ಕತ್ತಿಗೆ ಕಲಿತ ಆಟವಲ್ಲ. ತೊಡೆಯ ಮೇಲೆ ತಲೆ ಇಟ್ಟರೆ ಸವರಿ, ಪಕ್ಕದಲ್ಲಿ ಕೂತಿರಿ. ಆ ರಾತ್ರಿ ನಾಯಿಯೊಂದಿಗೆ ಒಬ್ಬರು ಮನೆಯಲ್ಲಿ ಉಳಿಯುವುದು ಎಲ್ಲಕ್ಕಿಂತ ಒಳ್ಳೆಯ ಮದ್ದು. ಪಟಾಕಿ ಸದ್ದಿನ ರೆಕಾರ್ಡಿಂಗನ್ನು ಮೆಲ್ಲಗೆ ಕೇಳಿಸಿ ಅಭ್ಯಾಸ ಮಾಡಿಸಬಹುದು, ನಿಜ. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಮಾಡುವ ಕೆಲಸ. 30ನೇ ತಾರೀಕು ಶುರುಮಾಡಿದರೆ ಇನ್ನಷ್ಟು ಹೆದರಿಸಿದಂತೆ.

ಬೀದಿಯಲ್ಲಿ ನೀವು ಊಟ ಹಾಕುವ ನಾಯಿ ಇದ್ದರೆ, ಆ ಒಂದು ರಾತ್ರಿ ಮೆಟ್ಟಿಲ ಕೆಳಗೋ ಪಾರ್ಕಿಂಗ್‌ನಲ್ಲೋ ಜಾಗ ಕೊಡಿ.

ಹಂತ 8: ಬಿಟ್ಟು ಹೋಗುವುದೋ, ಕರೆದುಕೊಂಡು ಹೋಗುವುದೋ?

ಬೆಕ್ಕಾದರೆ ಮನೆಯಲ್ಲೇ ಬಿಡಿ. ಅದಕ್ಕೆ ನಿಮಗಿಂತ ಮನೆ ಮುಖ್ಯ. ಕೇಳಲು ಬೇಜಾರಾದರೂ ಸತ್ಯ. ದಿನಕ್ಕೆ ಎರಡು ಸಲ ಬಂದು ಊಟ, ನೀರು, ಮೂತ್ರದ ತಟ್ಟೆ ನೋಡುವ ಒಬ್ಬರಿದ್ದರೆ ಸಾಕು. ಮೂತ್ರ ಆಗಿದೆಯಾ ಅಂತ ದಿನಾ ನೋಡಲು ಅವರಿಗೆ ಹೇಳಿ. ಮೀನಿಗೆ ಊಟ ಹಾಕುವ ಕೆಲಸವನ್ನು ಪಕ್ಕದ ಮನೆಯವರಿಗೆ ಒಪ್ಪಿಸುವುದಾದರೆ ದಿನಕ್ಕಿಷ್ಟು ಅಂತ ಪೊಟ್ಟಣ ಕಟ್ಟಿಕೊಡಿ. ಆರೋಗ್ಯವಾದ ದೊಡ್ಡ ಮೀನು ಎರಡು ಮೂರು ದಿನ ಉಪವಾಸ ಇರಬಲ್ಲದು. ಹಾಕಿದ್ದು ಜಾಸ್ತಿಯಾಗಿ ನೀರು ಕೊಳೆತರೆ ಬದುಕುವುದಿಲ್ಲ.

ನಾಯಿಯನ್ನು ಬೋರ್ಡಿಂಗ್‌ಗೆ ಬಿಡುವುದಾದರೆ ಮೊದಲೇ ಹೋಗಿ ಜಾಗ ನೋಡಿ. ಫೋಟೊ ನೋಡಿ ದುಡ್ಡು ಕಟ್ಟಬೇಡಿ. ರಾತ್ರಿ ಜೊತೆಗೆ ಯಾರು ಇರುತ್ತಾರೆ? 31ರ ರಾತ್ರಿ ಏನು ಮಾಡುತ್ತೀರಿ? ಜಗಳವಾಡುವ ನಾಯಿಗಳನ್ನು ಬೇರೆ ಇಡುತ್ತೀರಾ? ಯಾವ ಡಾಕ್ಟರು ಬರುತ್ತಾರೆ? ಲಸಿಕೆ ಪುಸ್ತಕ ಕೇಳದ ಜಾಗವಾದರೆ ಅಲ್ಲಿಂದಲೇ ವಾಪಸ್ ಬನ್ನಿ. ನಿಮ್ಮ ನಾಯಿಯದನ್ನು ಕೇಳದವರು ಪಕ್ಕದ ನಾಯಿಯದನ್ನೂ ಕೇಳಿರುವುದಿಲ್ಲ. ದೊಡ್ಡ ಪ್ರವಾಸಕ್ಕೆ ಮೊದಲು ಒಂದು ರಾತ್ರಿ ಬಿಟ್ಟು ನೋಡಿ. ಅದು ತಿನ್ನುವ ಆಹಾರವನ್ನೇ ಕಟ್ಟಿಕೊಡಿ. ಜಾಗದ ಜೊತೆ ಊಟವೂ ಬದಲಾದರೆ ಭೇದಿ ಗ್ಯಾರಂಟಿ. ಔಷಧದ ಹೊತ್ತು, ಡಾಕ್ಟರ ನಂಬರ್, ನೀವು ಸಿಗದಿದ್ದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವವರ ನಂಬರ್ ಒಂದು ಹಾಳೆಯಲ್ಲಿ ಬರೆದುಕೊಡಿ.

ರೈಲಿನಲ್ಲಿ ಕರೆದೊಯ್ಯುವವರು ಎಸಿ ಮೊದಲ ದರ್ಜೆಯಲ್ಲಿ ಇಬ್ಬರ ಕೂಪೆಯನ್ನೋ ನಾಲ್ವರ ಕ್ಯಾಬಿನ್ನನ್ನೋ ಪೂರ್ತಿ ಕಾಯ್ದಿರಿಸಬೇಕು. ಎಸಿ 2 ಟಯರ್, 3 ಟಯರ್, ಸ್ಲೀಪರ್, ಚೇರ್‌ಕಾರ್‌ಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಹೊರಡುವ ದಿನ ಬೇಗ ಹೋಗಿ ಪಾರ್ಸೆಲ್ ಕಚೇರಿಯಲ್ಲಿ ಲಸಿಕೆ ಪುಸ್ತಕ, ಡಾಕ್ಟರ ಪ್ರಮಾಣಪತ್ರ ತೋರಿಸಿ ಬುಕ್ ಮಾಡಬೇಕು. ಗಾರ್ಡ್ ವ್ಯಾನಿನ ಪೆಟ್ಟಿಗೆಯಲ್ಲಿ ಕಳಿಸುವ ದಾರಿಯೂ ಇದೆ. ಕತ್ತಲು, ಸದ್ದು, ಚಳಿಗಾಳಿ, ಒಂಟಿತನ. ನಾನಾದರೆ ಆ ದಾರಿ ಹಿಡಿಯುವುದಿಲ್ಲ.

ಕಾರಿನಲ್ಲಾದರೆ ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಿಗೆ ನಾಯಿಯ ಹೊಟ್ಟೆ ತೊಳಸುತ್ತದೆ. ಹೊರಡುವ ನಾಲ್ಕೈದು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಕೊಡುತ್ತಿರಿ. ವಾಂತಿ ಜಾಸ್ತಿ ಅಂದರೆ ಅದಕ್ಕೂ ಡಾಕ್ಟರ ಬಳಿ ಮಾತ್ರೆ ಇದೆ. ಹಿಂದಿನ ಸೀಟಿನಲ್ಲಿ ಹಾರ್ನೆಸ್ ಹಾಕಿ ಬೆಲ್ಟಿಗೆ ಕಟ್ಟಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಬಾಗಿಲು ತೆರೆಯುವ ಮೊದಲೇ ಲೀಶ್ ಹಾಕಿ. ಚಳಿಗಾಲ ಅಂತ ನಂಬಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ. ಗಾಜು ಹಾಕಿದ ಕಾರು ಡಿಸೆಂಬರ್ ಮಧ್ಯಾಹ್ನವೂ ಬೇಗ ಕಾಯುತ್ತದೆ.

ಈಗ ಮಲೆನಾಡಿನ ವಿಷಯ. ಹೋಮ್‌ಸ್ಟೇ ಜಾಹೀರಾತಿನಲ್ಲಿ ನಾಯಿ ಹುಲ್ಲಿನ ಮೇಲೆ ಸ್ವಚ್ಛಂದವಾಗಿ ಓಡುತ್ತಿರುತ್ತದೆ. ಹಾಗೆ ಬಿಡುವ ಮುಂಚೆ ನಾಲ್ಕು ಸಂಗತಿ ತಿಳಿದಿರಲಿ.

ಮೊದಲನೆಯದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಉಣ್ಣಿ ಕಚ್ಚುವುದರಿಂದ ಮನುಷ್ಯರಿಗೆ ಬರುತ್ತದೆ. ಅದರ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಸರಿಯಾಗಿ ನಮ್ಮ ರಜೆಯ ಹೊತ್ತಿಗೇ ಶುರು. ನಾಯಿ ತರಗೆಲೆಗಳ ನಡುವೆ ನುಗ್ಗಿ ಕಾಡಿನ ಉಣ್ಣಿಗಳನ್ನು ಮೈಮೇಲೆ ಹೊತ್ತು ನಿಮ್ಮ ಹಾಸಿಗೆಗೇ ತರಬಹುದು. ಹೊರಡುವ ಮೊದಲು ಉಣ್ಣಿ ಔಷಧ ಕೊಟ್ಟಿರಬೇಕು. ಮಂಗಗಳು ಸತ್ತಿರುವ ಸುದ್ದಿ ಇರುವ ಕಾಡಿನ ಕಡೆ ಹೋಗಲೇಬೇಡಿ. ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಹುಡುಕಿ. ಸಿಕ್ಕ ಉಣ್ಣಿಯನ್ನು ಗ್ಲೌಸ್ ಹಾಕಿ, ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ಆರೋಗ್ಯ ಇಲಾಖೆಯವರು ಆ ಭಾಗದಲ್ಲಿ ಉಣ್ಣಿ ಹತ್ತದಂತೆ ಹಚ್ಚಿಕೊಳ್ಳಲು ಜನರಿಗೆ ಕೊಡುವ ಡೀಪಾ ಎಣ್ಣೆ ಮನುಷ್ಯರಿಗೆ ಮಾತ್ರ.

ಎರಡನೆಯದು ಚಿರತೆ. ಹಾಸನ, ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಚಿರತೆಗೆ ನಾಯಿ ಸುಲಭದ ಬೇಟೆ. ಕತ್ತಲಾದ ಮೇಲೆ ನಾಯಿ ಕೋಣೆಯೊಳಗೆ, ನಿಮ್ಮ ಜೊತೆಗೇ ಇರಲಿ. ಜಗುಲಿಯಲ್ಲಿ ಕಟ್ಟಿಹಾಕಿದರೆ ತಪ್ಪಿಸಿಕೊಳ್ಳಲೂ ಆಗುವುದಿಲ್ಲ.

ಮೂರನೆಯದು ತೋಟ. ಡಿಸೆಂಬರ್, ಜನವರಿ ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಒಣಹಾಕಿದ ಹಣ್ಣನ್ನು ನಾಯಿ ತಿನ್ನದಂತೆ ನೋಡಿಕೊಳ್ಳಿ, ಕೆಫೀನ್ ಮಾತು ಆಗಲೇ ಬಂತು. ಇಲಿ ಪಾಷಾಣ ಎಲ್ಲಿ ಇಟ್ಟಿದ್ದಾರೆ, ಹಂದಿಗೆ ಉರುಳು ಹಾಕಿದ್ದಾರಾ ಅಂತ ಮನೆಯವರನ್ನು ನೇರವಾಗಿ ಕೇಳಿ. ಕೊನೆಯದಾಗಿ, ನಾಗರಹೊಳೆ, ಬಂಡೀಪುರದಂಥ ರಾಷ್ಟ್ರೀಯ ಉದ್ಯಾನಗಳ ಒಳಗೆ ಸಾಕುನಾಯಿ ಒಯ್ಯುವಂತಿಲ್ಲ. ಸಫಾರಿಗೆ ಹೋದಾಗ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಯೋಚಿಸಿ.

ಕರಾವಳಿಗೆ ಹೋದವರು ಸಮುದ್ರದ ನೀರು ಕುಡಿಯಲು ಬಿಡಬೇಡಿ, ದಡದಲ್ಲಿ ಎಸೆದ ಸತ್ತ ಮೀನಿನ ಹತ್ತಿರ ಹೋಗಲೂ ಬಿಡಬೇಡಿ.

ಹಂತ 9: ಸಂಕ್ರಾಂತಿ, ಆಮೇಲಿನ ವಾರ

ಎಳ್ಳು-ಬೆಲ್ಲ ಒಂದು ಚಿಟಿಕೆ ನೆಲಕ್ಕೆ ಬಿದ್ದದ್ದು ತಿಂದರೆ ಗಾಬರಿ ಬೇಡ. ಕಬ್ಬಿನ ಸಿಪ್ಪೆ, ಕೊಬ್ಬರಿ ತುಂಡು ಮಾತ್ರ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತವೆ. ಅಗಿದು ಉಗಿದ ಸಿಪ್ಪೆಯನ್ನು ಕೂಡಲೇ ಎತ್ತಿ.

ಮನೆಯಲ್ಲಿ ಹಸು, ಎತ್ತು ಇರುವವರಿಗೆ ಒಂದು ಮಾತು. ಹಬ್ಬ ಅಂತ ಪ್ರೀತಿಯಿಂದ ಬಂದವರೆಲ್ಲ ಪೊಂಗಲ್, ಅಕ್ಕಿ, ಬೆಲ್ಲ ತಿನ್ನಿಸುತ್ತಾರೆ. ಇಂಥದ್ದು ಒಮ್ಮೆಲೇ ಜಾಸ್ತಿ ಹೋದರೆ ಮೆಲುಕು ಹಾಕುವ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಹಸು ಮೇವು ಬಿಡುತ್ತದೆ, ಎಡಪಕ್ಕೆ ಉಬ್ಬುತ್ತದೆ, ಜೀವವೂ ಹೋಗಬಹುದು. ಪೂಜೆಗೆ ಒಂದು ತುತ್ತು ಸಾಕು, ಉಳಿದದ್ದು ಹುಲ್ಲು. ಕಿಚ್ಚು ಹಾಯಿಸುವ ಊರಾದರೆ ಗರ್ಭದ ಹಸು, ಕರು, ಕುಂಟುವ ಎತ್ತನ್ನು ಕೊಟ್ಟಿಗೆಯಲ್ಲೇ ಬಿಡಿ. ನಾಯಿಯನ್ನು ಒಳಗೆ ಕಟ್ಟಿ. ಜಾನುವಾರಿಗೆ ತುರ್ತು ಬಂದರೆ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಮನೆ ಬಾಗಿಲಿಗೆ ಬರುತ್ತದೆ.

ಹಬ್ಬ ಮುಗಿದ ವಾರ ನಾಯಿಯನ್ನು ತೂಕ ಮಾಡಿ. ತೂಕ ಏರಿದ್ದರೆ ಹಬ್ಬದ ತಿಂಡಿಗಳನ್ನು ನಿಲ್ಲಿಸಿ ಹಳೆಯ ಅಳತೆಗೆ ಬನ್ನಿ, ಉಪವಾಸ ಹಾಕಬೇಡಿ. ಕಾಡಿಗೆ ಹೋಗಿ ಬಂದಿದ್ದರೆ ಎರಡು ಮೂರು ವಾರ ಕಣ್ಣಿಟ್ಟಿರಿ. ಜ್ವರ, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ ಉಣ್ಣಿ ಜ್ವರದ ಗುರುತು. ರಕ್ತ ಪರೀಕ್ಷೆ ಮಾಡಿಸಬೇಕು. ನಿಮಗೇ ಜ್ವರ, ಮೈಕೈ ನೋವು ಬಂದರೆ ಮಲೆನಾಡಿಗೆ ಹೋಗಿದ್ದೆ ಅಂತ ನಿಮ್ಮ ಡಾಕ್ಟರಿಗೆ ಮರೆಯದೆ ಹೇಳಿ. ಬೋರ್ಡಿಂಗ್‌ನಿಂದ ಬಂದ ನಾಯಿ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಣಕೆಮ್ಮು ಕೆಮ್ಮುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಅದು ಪೂರ್ತಿ ನಿಲ್ಲುವವರೆಗೆ ಪಾರ್ಕಿಗೆ, ಬೇರೆ ನಾಯಿಗಳ ಹತ್ತಿರ ಕರೆದುಕೊಂಡು ಹೋಗಬೇಡಿ.